ಹೊಸ ಗಾಡಿಯ ಹಳೇ ರೋಗಿಗಳು

ನಮ್ಮ ಬೀದಿಯಲ್ಲಿ ಈಗ ನನ್ನನ್ನು ಮಹಾ ಸುಳ್ಳುಗಾರ ಎಂದು ತಮಾಷೆ ಮಾಡುತ್ತಾರೆ. ಅದು ಅನ್ಯಾಯ. ನಾನು ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಒಂದೇ ಒಂದು ಶಬ್ದದ್ದು. ಮಿಕ್ಕದ್ದನ್ನೆಲ್ಲ ಆ ಸುಳ್ಳು ತಾನಾಗಿ ಹೇಳಿಕೊಂಡಿತು. ನಾನು ಬಾಯಿ ಕೊಟ್ಟೆ, ಅಷ್ಟೇ.

ಅದು ನನ್ನ ಬಾಯಿಂದ ಹೊರಬಿದ್ದದ್ದು ಷಡ್ಡಕನ ಮನೆಯಲ್ಲಿ, ಒಂದು ಗುರುವಾರ ಮಧ್ಯಾಹ್ನ. ನನ್ನ ಹೆಂಡತಿಯ ಅಕ್ಕನನ್ನು ಕಟ್ಟಿಕೊಂಡ ಈ ಮಹಾನುಭಾವನಿಗೆ ಹೊಸ ವಸ್ತು ಎಂದರೆ ಪ್ರಾಣ, ಅದನ್ನು ಬಳಸುವುದೆಂದರೆ ಪ್ರಾಣಸಂಕಟ. ಅಂಗಡಿಯಿಂದ ಬಂದ ಯಾವ ವಸ್ತುವಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಆತ ಬಿಚ್ಚುವುದಿಲ್ಲ. ಸೋಫಾದ ಮೇಲೆ ಪ್ಲಾಸ್ಟಿಕ್ ಇದೆ. ಕೂತವರು ಮೆಲ್ಲಗೆ ಜಾರಿಕೊಂಡು ನೆಲಕ್ಕೆ ಬರುತ್ತಾರೆ. ಗೋಡೆ ಗಡಿಯಾರದ ಗಾಜಿಗೆ ಅಂಟಿದ ಅಂಗಡಿಯ ಚೀಟಿಯನ್ನೂ ಕಿತ್ತಿಲ್ಲ. ಅದು ಹನ್ನೊಂದು ಮತ್ತು ಹನ್ನೆರಡನ್ನು ಮುಚ್ಚಿಕೊಂಡಿರುವುದರಿಂದ ಆ ಮನೆಯಲ್ಲಿ ಹತ್ತು ಗಂಟೆಯಾದ ಮೇಲೆ ನೇರವಾಗಿ ಒಂದು ಗಂಟೆಯೇ ಆಗುತ್ತದೆ.

ಆ ದಿನ ಹೊಸ ಕಾರು ತೋರಿಸಲು ನಮ್ಮನ್ನು ಕರೆದಿದ್ದ.

"ಹತ್ತೋದು ಬೇಡ, ಕಿಟಕಿಯಿಂದ ನೋಡಿ. ಬಾಗಿಲು ತೆಗೆದ್ರೆ ಹೊಸ ವಾಸನೆ ಹೊರಟು ಹೋಗುತ್ತೆ," ಎಂದ.

ನನ್ನ ಹೆಂಡತಿ ಕಾರಿನ ಗಾಜಿಗೆ ಮೂಗು ತಾಗಿಸಿ, ಕಣ್ಣು ಕಿರಿದು ಮಾಡಿಕೊಂಡು ಒಳಗೆ ನೋಡಿದಳು. ನೋಡಿ ಸುಮ್ಮನೆ ಹಿಂದಕ್ಕೆ ಸರಿದಳು.

ಅದಕ್ಕೆ ಕಾರಣವಿದೆ. ನನ್ನ ಹೆಂಡತಿ ಮನೆಯ ಎರಡನೇ ಮಗಳು. ಅಕ್ಕ ಓದಿದ ಪುಸ್ತಕ, ಅಕ್ಕ ಹಾಕಿದ ಅಂಗಿ, ಅಕ್ಕ ತುಳಿದ ಸೈಕಲ್ಲು, ಕೊನೆಗೆ ಅಕ್ಕ ಮಲಗಿದ ಮಂಚ, ಎಲ್ಲವೂ ಇವಳಿಗೆ ಎರಡನೇ ಸಲಕ್ಕೆ ಬಂದದ್ದು. ನನ್ನನ್ನು ಮದುವೆಯಾದ ಮೇಲಾದರೂ ಅದು ನಿಲ್ಲಬೇಕಿತ್ತು. ನಾನು ಸಾಬೂನಿನ ಕಾರ್ಖಾನೆಯಲ್ಲಿ ತೂಕದ ಪರೀಕ್ಷಕ. ನಮ್ಮ ಮನೆಯ ಫ್ರಿಜ್ಜು, ಮೇಜು, ಬೀರು ಎಲ್ಲವೂ ಯಾರೋ ಬಳಸಿ ಬಿಟ್ಟದ್ದೇ. ಅಕ್ಕನಿಗಿಂತ ಅವಳು ಮುಂದಿದ್ದುದು ಒಂದೇ ವಿಷಯದಲ್ಲಿ. ಅಕ್ಕನಿಗೆ ನಲವತ್ತಕ್ಕೇ ಕನ್ನಡಕ ಬಂತು, ಇವಳಿಗೆ ಐವತ್ತು ದಾಟಿದರೂ ಬಂದಿರಲಿಲ್ಲ. "ನನ್ನ ಕಣ್ಣು ಫಸ್ಟ್ ಕ್ಲಾಸ್" ಎಂದು ಅಕ್ಕನ ಮುಂದೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಇನ್ನೊಂದು ಸಂಗತಿ. ನಮ್ಮ ಬೀರುವಿನ ಬಾಗಿಲಿನ ಒಳಗಡೆ ಒಂದು ಚಿತ್ರ ಅಂಟಿಸಿದ್ದಳು. ಅದು ಪತ್ರಿಕೆಯಿಂದ ಕತ್ತರಿಸಿದ ಮೋಟಾರ್ ಹೋಮಿನ ಚಿತ್ರ. ಒಳಗೇ ಹಾಸಿಗೆ, ಒಲೆ, ಬಟ್ಟೆ ಇಡುವ ಗೂಡು ಇರುವ ಮನೆಗಾಡಿ. ಹಿಂದೆ ಸಮುದ್ರ. ಅವಳು ಸಮುದ್ರ ನೋಡಿರಲಿಲ್ಲ. ಹೋದರೆ ಅಂಥದ್ದರಲ್ಲೇ ಹೋಗಬೇಕು ಎಂದು ಆಸೆ.

ಷಡ್ಡಕ ಕಾರಿನ ಬಾನೆಟ್ಟನ್ನು ಪ್ಲಾಸ್ಟಿಕ್ಕಿನ ಮೇಲಿಂದಲೇ ಸವರುತ್ತ ನನ್ನ ಕಡೆ ತಿರುಗಿದ. "ನೀವು ಈ ವರ್ಷವೂ ಏನೂ ತಗೊಳ್ಳಲಿಲ್ವಾ?"

"ನಾವು ಮನೆಗಾಡಿ ತಗೋತಿದ್ದೀವಿ," ಎಂದೆ. ಯಾರು ಮಾತಾಡಿದ್ದು ಎಂದು ನಾನೇ ಒಮ್ಮೆ ಹಿಂದೆ ತಿರುಗಿ ನೋಡಿದೆ.

"ಹಳೇದಾ, ಹೊಸದಾ?"

"ಹೊಸದು."

ಆ ಒಂದು ಶಬ್ದ ಇದೇ. ಮನೆಗೆ ಬಂದು ಬಾಗಿಲ ಬೀಗ ತೆಗೆಯುವಾಗ ಹೆಂಡತಿ ಕೇಳಿದಳು: "ರೀ, ಹೊಸದು ಅಂದ್ರಲ್ಲ, ನಿಜವಾಗ್ಲೂ? ಯಾರೂ ಬಳಸಿರದೇ ಇರೋದು? ನಾನೇ ಮೊದಲು?"

"ನೀನೇ ಮೊದಲು ಕಣೇ," ಎಂದೆ. ಅವಳ ಮುಖ ನೋಡಿದ್ದರೆ ನೀವೂ ಹಾಗೇ ಹೇಳುತ್ತಿದ್ದಿರಿ.

ಮಾರನೆಯ ದಿನವೇ ಅರ್ಧ ದಿನ ರಜೆ ಹಾಕಿ ಹೊಸ ಗಾಡಿಗಳ ಷೋರೂಮಿಗೆ ಹೋದೆ. ಗಾಡಿ ತೋರಿಸಿದ ಯುವಕ ಬಹಳ ವಿನಯವಂತ. ಬೆಲೆ ಹೇಳುವ ಮೊದಲು ನನಗೆ ಕುರ್ಚಿ ಕೊಟ್ಟ, ಹೇಳಿದ ಮೇಲೆ ನೀರು ಕೊಟ್ಟ. ನಮ್ಮ ಮನೆಯ ಮೇಲೆ ಇನ್ನೆರಡು ಅಂತಸ್ತು ಕಟ್ಟಿ ಎಲ್ಲವನ್ನೂ ಮಾರಿದರೂ ಆ ಗಾಡಿಯ ಮುಂದಿನ ಅರ್ಧ ಮಾತ್ರ ಸಿಗುತ್ತಿತ್ತು.

ಅಲ್ಲಿಂದ ನೇರ ಹಳೇ ಗಾಡಿಗಳ ದಲ್ಲಾಳಿಯ ಹತ್ತಿರ ಹೋದೆ. ತಗಡಿನ ಮಾಡಿನ ಕೆಳಗೆ ಟೈರುಗಳ ರಾಶಿಯ ಪಕ್ಕ ಕೂತಿದ್ದ.

"ಹೊಸದು ಯಾಕ್ ಸಾರ್? ಹೊಸ ಗಾಡಿಗೆ ಅನುಭವ ಇರಲ್ಲ. ಯಾವಾಗ ಕೆಡುತ್ತೋ ಯಾರಿಗೂ ಗೊತ್ತಿಲ್ಲ. ನನ್ನ ಹತ್ರ ಇರೋದು ಕೆಡೋದೆಲ್ಲ ಕೆಟ್ಟು ಮುಗಿದಿರೋ ಗಾಡಿ," ಎಂದ.

ನಾನು ತೂಕದವನು. ಯಾವುದನ್ನೂ ಎರಡು ತಟ್ಟೆಗೆ ಹಾಕದೆ ತೀರ್ಮಾನಿಸುವುದಿಲ್ಲ. ಹೊಸದು ಸಿಗುವುದಿಲ್ಲ, ಹಳೆಯದು ನಾನು ಹೇಳಿದಂತಿಲ್ಲ. ಹೊಸದಕ್ಕೆ ಮನೆ ಮಾರಬೇಕು, ಹಳೆಯದನ್ನು ಸ್ಟಾರ್ಟ್ ಮಾಡಲು ಮೂರು ಸಲ ತಳ್ಳಬೇಕು. ಎಷ್ಟು ತೂಗಿದರೂ ತಕ್ಕಡಿಯ ಮುಳ್ಳು ನಡುವೆಯೇ ನಿಲ್ಲುತ್ತಿತ್ತು. ಕೊನೆಗೆ ನನ್ನ ತಲೆಗೆ ಒಂದು ಅದ್ಭುತ ಉಪಾಯ ಹೊಳೆಯಿತು: ಹಳೆಯದನ್ನು ಕೊಂಡು ಹೊಸದು ಎನ್ನುವುದು. ಆಗ ಎರಡೂ ತಟ್ಟೆ ನಮ್ಮದೇ.

"ಇದಕ್ಕೆ ಮೊದಲು ಯಾರ ಹತ್ರ ಇತ್ತು?" ಎಂದೆ.

"ಒಳ್ಳೇ ಕೈಲಿತ್ತು ಸಾರ್. ಊರೂರು ಸುತ್ತಿ ಜನಸೇವೆ ಮಾಡಿದ ಗಾಡಿ. ಆಮೇಲೆ ನಾವು ಒಳಗೆ ಹಾಸಿಗೆ, ಒಲೆ ಎಲ್ಲಾ ಕೂರಿಸಿದ್ವಿ."

"ಸೀಟಿನ ಕೆಳಗಿನ ಈ ಡ್ರಾಯರ್ ತೆಗೆಯೋಕೆ ಬರ್ತಿಲ್ಲವಲ್ಲ?"

"ಅದು ಲಾಕರ್ ಸಾರ್. ಕೀ ಇಲ್ಲ. ಕೀ ಇಲ್ಲದೇ ಇರೋದ್ರಿಂದಲೇ ಅಷ್ಟು ಭದ್ರ."

ನಾನು ದುಡ್ಡು ಎಣಿಸಿ ಕೊಟ್ಟೆ. ಗಾಡಿಯ ಮೈಮೇಲೆ ಯಾವುದೋ ಅಕ್ಷರಗಳಿದ್ದವು. ಓದುವ ಗೋಜಿಗೆ ಹೋಗದೆ ಅವುಗಳ ಮೇಲೆ ಬಿಳಿ ಬಣ್ಣ ಹೊಡೆಸಿದೆ. ಆಮೇಲೆ ಷಡ್ಡಕನ ಮನೆತನದ ಪದ್ಧತಿಯನ್ನು ನೆನೆದು ನಲವತ್ತು ಮೀಟರ್ ಪ್ಲಾಸ್ಟಿಕ್ ತಂದೆ. ನಮ್ಮ ಬಳಗದಲ್ಲಿ ಪ್ಲಾಸ್ಟಿಕ್ ಹೊದ್ದದ್ದೆಲ್ಲ ಹೊಸದು, ಹೊದೆಯದ್ದು ಹಳೆಯದು. ಬೇರೆ ಸಾಕ್ಷಿ ಯಾರೂ ಕೇಳುವುದಿಲ್ಲ. ಸೀಟಿಗೆ, ಹಾಸಿಗೆಗೆ, ಸ್ಟೀರಿಂಗಿಗೆ ಹೊದಿಸಿದೆ. ನಂಬರ್ ಪ್ಲೇಟಿಗೆ ಎರಡು ಸುತ್ತು ಹೆಚ್ಚಾಗಿಯೇ ಹೊದಿಸಿದೆ.

ಬುಧವಾರ ಸಂಜೆ ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸಿದೆ. ಎಡಗಡೆ ಬಾಗಿಲ ಪಕ್ಕ ಒಂದು ತಗ್ಗು ಇತ್ತು, ತಟ್ಟೆಯಷ್ಟು ಅಗಲ. ಹೆಂಡತಿ ಹತ್ತಡಿ ದೂರದಲ್ಲಿ ನಿಂತು ಅದನ್ನೇ ನೋಡಿದಳು.

"ಎಷ್ಟು ನುಣುಪಾಗಿದೆ ಅಲ್ವಾ? ಒಂದು ಗೀರಿಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಬಣ್ಣ ಹೊಡೆದವನ ಕೈಚಳಕ ಎಂದು ನಾನು ಹೆಮ್ಮೆಪಟ್ಟೆ.

ಮರುದಿನ ಗುರುವಾರ, ನಮ್ಮ ಕಾರ್ಖಾನೆಗೆ ವಾರದ ರಜೆ. ಬಟ್ಟೆ ಕೊಳೆಯಾಗಬಾರದೆಂದು ಕಾರ್ಖಾನೆಯ ಬಿಳಿ ಕೋಟು ಹಾಕಿಕೊಂಡು ಗಾಡಿಯೊಳಗೆ ಒರೆಸುತ್ತಿದ್ದೆ. ಒಬ್ಬ ವಯಸ್ಸಾದ ದರ್ಜಿ ಮೆಟ್ಟಿಲು ಹತ್ತಿ ಒಳಗೆ ಬಂದು, ಪ್ಲಾಸ್ಟಿಕ್ ಹೊದ್ದ ಸೀಟಿನ ಮೇಲೆ ಕೂತು, ಎರಡು ಸಲ ಜಾರಿ, ಮೂರನೇ ಸಲ ಗಟ್ಟಿಯಾಗಿ ಕೂತು, ಕನ್ನಡಕ ತೆಗೆದು ನನ್ನ ಕೈಯಲ್ಲಿಟ್ಟ.

"ಎರಡು ವರ್ಷ ಆಯ್ತಲ್ಲ ಡಾಕ್ಟ್ರೇ ಗಾಡಿ ಬಂದು. ನಂಬರ್ ಬದಲಾಗಿದೆ ನೋಡಿ. ಸೂಜಿಗೆ ದಾರ ಹಾಕೋಕೆ ಆಗ್ತಿಲ್ಲ."

ನಾನು ಕಕ್ಕಾಬಿಕ್ಕಿಯಾದೆ. ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು. 'ಇದು ಹಿಂದೆ ಯಾರದ್ದೋ ಗಾಡಿ ತಾತ, ಈಗ ನಾನು ಕೊಂಡಿದ್ದೇನೆ' ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು.

"ಇದು ಹೊಸ ಗಾಡಿ ತಾತ," ಎಂದೆ.

"ಹೊಸ ಗಾಡಿ ಕೊಟ್ರಾ ನಿಮಗೆ? ಒಳ್ಳೇದಾಯ್ತು ಬಿಡಿ. ಹಳೇದರಲ್ಲಿ ಸೆಕೆ ಜಾಸ್ತಿ ಇತ್ತು."

"ಹಾಗಲ್ಲ. ಇದು ಹೊಚ್ಚ ಹೊಸದು. ನಿನ್ನೆ ತಾನೇ ಬಂದಿದೆ."

"ಮೊದಲ ದಿನವೇ ಬಂದಿದ್ದೀನಿ ಅನ್ನಿ. ನನ್ನ ಅದೃಷ್ಟ."

ನಾನು ಹೊಸದು ಎಂದಷ್ಟೂ ಅದು ಹೊಸ ಆಸ್ಪತ್ರೆಯಾಗುತ್ತಿತ್ತು. ಹಳೆಯದು ಎಂದರೆ ಆಸ್ಪತ್ರೆ ಮುಚ್ಚುತ್ತಿತ್ತು, ಆದರೆ ಅದರ ಜೊತೆಗೆ ನನ್ನ ಸಂಸಾರವೂ ಮುಚ್ಚುತ್ತಿತ್ತೇನೋ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾನು ಕಿಟಕಿಯಿಂದ ಬೀದಿ ಕೊನೆಗೆ ಕೈ ತೋರಿಸಿದೆ.

"ಅದೇನು ಕಾಣುತ್ತೆ?"

"ನೀರಿನ ಟ್ಯಾಂಕು."

"ಸರಿಯಾಗಿ ಕಾಣ್ತಿದೆಯಲ್ಲ. ಮತ್ತೇನು ಬೇಕು?"

ದರ್ಜಿಗೆ ತೃಪ್ತಿಯಾಗಲಿಲ್ಲ. ಬರಿಗೈಯಲ್ಲಿ ಕಳಿಸಲು ನನಗೂ ಮನಸ್ಸು ಬರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಮೂರು ಗ್ರಾಂ ಕಡಿಮೆ ತೂಗಿದ ಸಾಬೂನನ್ನು ಮಾರುವುದಿಲ್ಲ, ನಮಗೇ ಹಂಚುತ್ತಾರೆ. ಕೋಟಿನ ಜೇಬಿನಲ್ಲಿ ಎರಡಿದ್ದವು. ಕನ್ನಡಕ ವಾಪಸು ಕೊಟ್ಟು, ಒಂದು ಸಾಬೂನನ್ನೂ ಕೊಟ್ಟೆ. "ಬೆಳಿಗ್ಗೆ ಸಂಜೆ ಮುಖ ತೊಳೀರಿ," ಎಂದೆ. ಆತ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಯಾರ್ರೀ ಅದು?" ಎಂದಳು ಹೆಂಡತಿ.

"ಹೊಸ ಗಾಡಿ ನೋಡೋಕೆ ಬಂದಿದ್ರು."

"ಪಾಪ, ಎಷ್ಟು ಸಂತೋಷಪಟ್ಟು ಹೋದ್ರು," ಎಂದು ಅವಳೂ ಸಂತೋಷಪಟ್ಟಳು.

ಮರುದಿನ ಸಂಜೆ ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ ಗಾಡಿಯ ಮುಂದೆ ಹನ್ನೊಂದು ಜನ ನಿಂತಿದ್ದರು. ಅದರ ಮರುದಿನ ಮೂವತ್ತು. ಎದುರು ಮನೆಯಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ಇದ್ದಾರೆ. ಆರು ವರ್ಷಗಳಿಂದ ಅವರಿಗೆ ಸಾಲು ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ. ಇದನ್ನು ಕಂಡು ಅವರಿಗೆ ಜೀವ ಬಂದಂತಾಯಿತು. ಮೇಜು, ಕುರ್ಚಿ ತಂದು ಹಾಕಿ, ಚೀಟಿಗಳ ಮೇಲೆ ನಂಬರು ಬರೆದು ಹಂಚಿದರು.

"ಒಬ್ಬೊಬ್ಬರಾಗಿ ಹೋಗಿ, ನೋಡಿಸ್ಕೊಂಡು ಬನ್ನಿ. ಮಧ್ಯದಲ್ಲಿ ನುಗ್ಗೋರಿಗೆ ಚೀಟಿ ರದ್ದು," ಎಂದು ಕೂಗುತ್ತಿದ್ದರು.

ಪ್ಲಾಸ್ಟಿಕ್ ಹೊದಿಕೆಯೇ ನನಗೆ ಮುಳುವಾಯಿತು. "ಎಷ್ಟು ಸ್ವಚ್ಛ ನೋಡಿ, ರೋಗ ಹರಡಬಾರದು ಅಂತ ಸ್ಟೀರಿಂಗಿಗೂ ಹೊದಿಸಿದ್ದಾರೆ," ಎಂದು ಜನ ಮಾತಾಡಿಕೊಂಡರು. ಕೋಟು ಬಿಚ್ಚಿಟ್ಟು ಹೋದರೆ "ಡಾಕ್ಟ್ರು ಇವತ್ತು ರಜೆಯಾ?" ಎನ್ನುತ್ತಿದ್ದರು, ಹಾಕಿಕೊಂಡರೆ ಕೈಮುಗಿಯುತ್ತಿದ್ದರು. ನಾನು ಪ್ರತಿಯೊಬ್ಬರಿಗೂ "ನಾನು ಡಾಕ್ಟರಲ್ಲ, ಇದು ನಮ್ಮ ಹೊಸ ಗಾಡಿ" ಎಂದೇ ಹೇಳಿದೆ. "ದೊಡ್ಡವರು ಹಾಗೇ ಹೇಳೋದು," ಎಂದು ಅವರು ತಲೆದೂಗಿದರು. ನೀರಿನ ಟ್ಯಾಂಕು ತೋರಿಸಿದೆ, ಸಾಬೂನು ಕೊಟ್ಟೆ. ಟ್ಯಾಂಕು ಕಾಣದವರಿಗೆ ಮಾತ್ರ "ನೀವು ದೊಡ್ಡ ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ" ಎಂದೆ. ನಾನು ಕೊಟ್ಟ ಒಂದೇ ಸರಿಯಾದ ಸಲಹೆ ಅದು.

ಹೆಂಡತಿ ಸಾಲಿನಲ್ಲಿದ್ದವರಿಗೆಲ್ಲ ಟೀ ಕೊಟ್ಟಳು. ಇಷ್ಟು ಜನ ತನ್ನ ವಸ್ತುವನ್ನು ನೋಡಲು ಬಂದದ್ದು ಅವಳ ಜನ್ಮದಲ್ಲೇ ಮೊದಲು.

"ನಾವೇ ಮೊದಲು ಬಳಸ್ತಿರೋದು. ಇನ್ನೂ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ," ಎನ್ನುತ್ತಿದ್ದಳು.

"ನಿಮ್ಮ ಯಜಮಾನರದು ಒಳ್ಳೇ ಕೈಗುಣ ಅಮ್ಮ," ಎನ್ನುತ್ತಿದ್ದರು ಜನ.

"ಇದೊಂದರಲ್ಲಿ ಮಾತ್ರ," ಎನ್ನುತ್ತಿದ್ದಳು ಅವಳು. ಇಬ್ಬರೂ ಏನು ಮಾತಾಡುತ್ತಿದ್ದಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ನನಗೆ ಊಟ ಸೇರುತ್ತಿರಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಷಡ್ಡಕ ಮತ್ತು ಆತನ ಹೆಂಡತಿ, ಅಂದರೆ ನನ್ನ ಅತ್ತಿಗೆ, ಬಂದರು. ಷಡ್ಡಕ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪ್ಲಾಸ್ಟಿಕ್ ಮುಟ್ಟಿ ನೋಡಿ, ಒಳಗೆ ಹತ್ತಿ ಮೂಗೆಳೆದು ವಾಸನೆ ನೋಡಿದ. ಆಮೇಲೆ ಮೀಟರಿನ ಮೇಲೆ ಬಗ್ಗಿದ.

"ಒಂದು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಓಡಿದೆಯಲ್ಲ?"

"ಕಂಪನಿಯವರು ಪರೀಕ್ಷೆಗೆ ಓಡಿಸಿರ್ತಾರೆ," ಎಂದೆ. ನನ್ನ ಬಾಯಿಗೆ ನಾಚಿಕೆ ಎಂಬುದು ಹೋಗಿ ಒಂದು ವಾರವಾಗಿತ್ತು.

"ಇಷ್ಟೊಂದಾ?"

"ಒಳ್ಳೇ ಕಂಪನಿ."

ಷಡ್ಡಕನ ಮುಖ ಬಾಡಿತು. "ನಮ್ಮ ಕಾರನ್ನ ಬರೀ ಹದಿನೆಂಟು ಕಿಲೋಮೀಟರ್ ಓಡಿಸಿ ಕೊಟ್ರು. ಮೋಸ ಮಾಡಿದ್ದಾರೆ ಕಣೇ," ಎಂದು ತನ್ನ ಹೆಂಡತಿಗೆ ಹೇಳಿದ.

ಅತ್ತಿಗೆ ಅಷ್ಟರಲ್ಲಿ ಹಿಂದಿನ ಗೂಡೊಂದರ ಬಾಗಿಲು ತೆರೆದಿದ್ದರು. ಬಾಗಿಲಿನ ಒಳಮೈಗೆ ಒಂದು ಫಲಕ ಅಂಟಿತ್ತು. ಮೇಲೆ ದೊಡ್ಡ ಅಕ್ಷರಗಳು, ಕೆಳಕ್ಕೆ ಬರುತ್ತ ಸಣ್ಣ, ಇನ್ನೂ ಸಣ್ಣ. ಕಣ್ಣು ಪರೀಕ್ಷೆ ಮಾಡುವ ಕಡೆ ನೇತುಹಾಕುತ್ತಾರಲ್ಲ, ಅದೇ. ನಾನು ಅದನ್ನು ನೋಡಿಯೇ ಇರಲಿಲ್ಲ.

"ಇದೇನು?" ಎಂದರು.

"ಅದು... ಪ್ರಯಾಣದಲ್ಲಿ ಬೇಜಾರಾದ್ರೆ ಓದೋಕೆ."

ಅತ್ತಿಗೆ ಕನ್ನಡಕ ಮೂಗಿಗೇರಿಸಿ ಮೇಲಿನ ಎರಡು ಸಾಲನ್ನು ಪಟಪಟ ಓದಿ, ಬಾಗಿಲಲ್ಲಿ ನಿಂತಿದ್ದ ತಂಗಿಯತ್ತ ತಿರುಗಿದರು. "ನಿನ್ನದು ಫಸ್ಟ್ ಕ್ಲಾಸ್ ಕಣ್ಣಲ್ವಾ? ಎಲ್ಲಿ, ಕೊನೆಯ ಸಾಲು ಅಲ್ಲಿಂದಲೇ ಓದು ನೋಡೋಣ."

"ಓದೋಕೇನು?" ಎಂದಳು ನನ್ನ ಹೆಂಡತಿ. ಕಣ್ಣು ಕಿರಿದು ಮಾಡಿಕೊಂಡು, ಒಂದು ಕ್ಷಣವೂ ತಡವರಿಸದೆ, ಏಳು ಅಕ್ಷರ ಓದಿದಳು. ಅತ್ತಿಗೆ ಅವಳ ಮುಖವನ್ನೇ ನೋಡುತ್ತಿದ್ದರು. ಫಲಕದ ಕಡೆ ನೋಡುತ್ತಿದ್ದವನು ನಾನೊಬ್ಬನೇ. ಏಳರಲ್ಲಿ ಒಂದೂ ಸರಿಯಿರಲಿಲ್ಲ. ಆ ಸಾಲಿನಲ್ಲಿ ಇದ್ದದ್ದೇ ಐದು ಅಕ್ಷರ.

ಆಗ ನನಗೆ ಎಲ್ಲ ತಿಳಿಯಿತು. ಅವಳಿಗೆ ತಗ್ಗು ಕಾಣದ್ದು ಬಣ್ಣದವನ ಕೈಚಳಕದಿಂದಲ್ಲ. ಪಕ್ಕದ ಮನೆಯವಳ ಕೈಯಲ್ಲಿ ಸೂಜಿಗೆ ದಾರ ಹಾಕಿಸುತ್ತಿದ್ದದ್ದು, ಬಸ್ಸಿನ ಬೋರ್ಡನ್ನು "ನೀವೇ ಓದ್ರೀ, ನನಗೆ ಬೇಜಾರು" ಎನ್ನುತ್ತಿದ್ದದ್ದು, ಎಲ್ಲಾ ನೆನಪಾಯಿತು. ನನಗೆ ಒಂದು ಕಡೆ ಹಗುರವಾಯಿತು: ಇವಳಿಗೆ ಎಂದೂ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ ಬಹಳ ದುಃಖವಾಯಿತು. ಇಪ್ಪತ್ತೇಳು ವರ್ಷ ಗ್ರಾಂ ಲೆಕ್ಕದಲ್ಲಿ ತೂಕ ನೋಡಿದವನಿಗೆ ಮನೆಯವಳ ಕಣ್ಣು ಮಂದವಾದದ್ದು ಗೊತ್ತಾಗಿರಲಿಲ್ಲ.

ನಾನು ಹೀಗೆ ನಿಂತಿರುವಾಗಲೇ ಹೊರಗೆ ಒಂದು ಜೀಪು ಬಂದು ನಿಂತಿತು. ಇಳಿದವರು ಆರೋಗ್ಯ ಇಲಾಖೆಯ ಮೇಡಂ. ಗಿಡ್ಡನೆಯ ದೇಹ, ಬಿಗಿದ ತುಟಿ, ಸೊಂಟದಲ್ಲಿ ದೊಡ್ಡ ಕೀ ಗೊಂಚಲು, ಕೈಯಲ್ಲಿ ಒಂದು ಅರ್ಜಿ. ಅರ್ಜಿ ಬರೆದವರು ನಮ್ಮ ಪೋಸ್ಟ್‌ಮಾಸ್ಟರೇ. 'ನಮ್ಮ ಬೀದಿಯ ಡಾಕ್ಟರು ಸಾಬೂನಿನಿಂದ ಕಣ್ಣಿನ ಚಿಕಿತ್ಸೆ ಮಾಡುತ್ತ ಅಪಾರ ಸೇವೆ ಸಲ್ಲಿಸುತ್ತಿದ್ದು, ಇವರಿಗೆ ಒಂದು ಫ್ಯಾನು ಮತ್ತು ಆರು ಕುರ್ಚಿ ಮಂಜೂರು ಮಾಡಬೇಕು' ಎಂದು ಕೇಳಿದ್ದರು. ಅಂಚೆಗೆ ಹಾಕಿದರೆ ತಡವಾದೀತೆಂದು ಸ್ವತಃ ಹೋಗಿ ಕೊಟ್ಟು ಬಂದಿದ್ದರು.

"ಯಾರ್ರೀ ಇಲ್ಲಿ ಡಾಕ್ಟ್ರು?"

ಸಾಲಿನಲ್ಲಿದ್ದ ನಲವತ್ತು ಕೈಗಳು ನನ್ನ ಕಡೆ ತಿರುಗಿದವು.

"ಲೈಸೆನ್ಸ್ ತೋರಿಸಿ."

"ಕಾರಿಂದಾ, ಲಾರಿದಾ ಮೇಡಂ?"

"ಕಣ್ಣಿಂದು."

ಗಾಡಿ ಹಳೆಯದು ಎಂದರೆ ಎಲ್ಲವೂ ಒಂದೇ ಮಾತಿಗೆ ಬಗೆಹರಿಯುತ್ತಿತ್ತು. ಆದರೆ ಷಡ್ಡಕ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ, ಹೆಂಡತಿ ಗಾಡಿಯೊಳಗಿನಿಂದ ಟೀ ತಟ್ಟೆ ಹಿಡಿದು ಬರುತ್ತಿದ್ದಳು. ಹೊಸದು ಎಂದರೆ ನಾನು ನಕಲಿ ಡಾಕ್ಟರಾಗಿ ಪೊಲೀಸರ ಕೈ ಸೇರುತ್ತಿದ್ದೆ. ನನ್ನ ಮುಳ್ಳು ಈ ಸಲವೂ ನಡುವೆ ನಿಂತಿತು.

ಮೇಡಂ ಅಷ್ಟರಲ್ಲಿ ನನ್ನನ್ನು ಬಿಟ್ಟು ಗಾಡಿಯ ಕಡೆ ನೋಡುತ್ತಿದ್ದರು. ಬಾಗಿಲ ಪಕ್ಕದ ತಗ್ಗಿಗೆ ಅಂಗೈ ಇಟ್ಟರು. "ಈ ತಗ್ಗು ನನಗೆ ಗೊತ್ತು. ನಮ್ಮ ಡ್ರೈವರ್ ಗೇಟಿಗೆ ಗುದ್ದಿದ್ದು," ಎಂದರು ತಮ್ಮಷ್ಟಕ್ಕೇ. "ಒಂಬತ್ತು ವರ್ಷ ಇದೇ ಗಾಡೀಲಿ ಕಣ್ಣು ಪರೀಕ್ಷೆ ಮಾಡಿದ್ದೀನಿ. ಇದು ಹರಾಜಿಗೆ ಹೋಗಿತ್ತಲ್ಲ?"

ನಾನು ಅವರ ಹತ್ತಿರ ಸರಿದು ಪಿಸುಗುಟ್ಟಿದೆ. "ಮೇಡಂ, ದಯವಿಟ್ಟು ಮೆಲ್ಲಗೆ. ಇದು ಹೊಸದು."

"ಹೊಸದಾ?"

"ಮನೆಯವಳಿಗೆ ಹೊಸದು."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಇಲಾಖೆಯಲ್ಲಿ ಇಂಥ ಹೇಳಿಕೆಗೆ ಯಾವ ನಮೂನೆ ತುಂಬಬೇಕೆಂದು ಯೋಚಿಸುತ್ತಿದ್ದರೇನೋ. ಅಷ್ಟರಲ್ಲಿ ಧಡಾರೆಂದು ಶಬ್ದವಾಯಿತು. ಹೆಂಡತಿ ಗಾಡಿಯ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲನ್ನು ಕಾಣದೆ ಗಾಳಿಯಲ್ಲಿ ಕಾಲಿಟ್ಟಿದ್ದಳು. ಕಪ್ಪುಗಳು ಚೂರಾದವು. ಸಾಲಿನಲ್ಲಿ ಮುಂದಿದ್ದ ದರ್ಜಿ ಹಿಡಿದುಕೊಳ್ಳದಿದ್ದರೆ ಮುಖಕ್ಕೇ ಪೆಟ್ಟಾಗುತ್ತಿತ್ತು.

"ಏನಿಲ್ಲ, ಕಾಲು ಜಾರಿತು," ಎಂದಳು.

ಮುಳ್ಳು ಸರಕ್ಕನೆ ಒಂದು ಕಡೆಗೆ ವಾಲಿತು.

"ಮೇಡಂ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಾನು ಡಾಕ್ಟರಲ್ಲ, ಸಾಬೂನು ತೂಗುವವನು. ಏನು ಬರೆದುಕೊಳ್ಳಬೇಕೋ ಬರೆದುಕೊಳ್ಳಿ. ಅದಕ್ಕೆ ಮೊದಲು ಇವಳ ಕಣ್ಣು ನೋಡಿ."

"ನನ್ನ ಕಣ್ಣಿಗೇನಾಗಿದೆ?" ಎಂದಳು ಹೆಂಡತಿ, ಅಕ್ಕನ ಕಡೆ ಒಮ್ಮೆ ನೋಡಿ.

"ಆ ಸಾಲಿನಲ್ಲಿ ಐದೇ ಅಕ್ಷರ ಇರೋದು ಕಣೇ," ಎಂದೆ. ಅವಳು ತಲೆ ತಗ್ಗಿಸಿದಳು.

ಮೇಡಂ ಗಾಡಿ ಹತ್ತಿದರು. ಸೀಟಿನ ಮೇಲಿನ ಪ್ಲಾಸ್ಟಿಕ್ ಕಿತ್ತೆಸೆದು, ಕೆಳಗಿನ ಡ್ರಾಯರ್ ಕಂಡು ತಟ್ಟನೆ ನಿಂತರು. ಸೊಂಟದ ಗೊಂಚಲಿನಿಂದ ಒಂದು ಸಣ್ಣ ಕೀ ತೆಗೆದು ತಿರುಗಿಸಿದರು. ದಲ್ಲಾಳಿಯ ಭದ್ರ ಲಾಕರ್ ತೆರೆದುಕೊಂಡಿತು. ಒಳಗೆ ಒಂದು ಮರದ ಪೆಟ್ಟಿಗೆ, ಅದರ ತುಂಬ ಸಾಲಾಗಿ ಜೋಡಿಸಿದ ಪರೀಕ್ಷೆಯ ಗಾಜುಗಳು.

"ಎರಡು ವರ್ಷದಿಂದ ಈ ಪೆಟ್ಟಿಗೆ ಎಲ್ಲಿ ಅಂತ ಆಫೀಸಲ್ಲಿ ನನ್ನ ಪ್ರಾಣ ತಿಂತಿದ್ದಾರೆ," ಎಂದರು. ಬಿಗಿದ ತುಟಿ ಮೊದಲ ಸಲ ಸಡಿಲವಾಯಿತು. ನನ್ನ ಮೇಲೆ ಬರೆಯಬೇಕಿದ್ದ ವರದಿ ಆ ಕ್ಷಣವೇ ಅರ್ಧಕ್ಕರ್ಧ ಇಳಿದುಹೋಯಿತು ಎಂದು ನನ್ನ ಅಂದಾಜು.

ಹೆಂಡತಿಯನ್ನು ಕೂರಿಸಿ, ಮೂಗಿಗೆ ಒಂದು ಕಬ್ಬಿಣದ ಚೌಕಟ್ಟು ಏರಿಸಿ, ಅದರೊಳಗೆ ಒಂದೊಂದೇ ಗಾಜು ಇಳಿಬಿಟ್ಟು ಓದಿಸಿದರು. ಹತ್ತನೇ ಗಾಜಿಗೆ ಅವಳು ಕೊನೆಯ ಸಾಲಿನ ಐದೂ ಅಕ್ಷರ ಓದಿದಳು. ಪೋಸ್ಟ್‌ಮಾಸ್ಟರ್ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನನಗೆ ಮುಂದಿನದು ಗೊತ್ತಿತ್ತು.

ಚೌಕಟ್ಟು ಹಾಕಿಕೊಂಡೇ ಅವಳು ಕೆಳಗಿಳಿದಳು. ಈ ಸಲ ಪ್ರತಿ ಮೆಟ್ಟಿಲೂ ಕಾಲಿಗೆ ಸಿಕ್ಕಿತು. ತಿರುಗಿ ಗಾಡಿಯನ್ನು ನೋಡಿದಳು. ತಗ್ಗನ್ನು ನೋಡಿದಳು. ತುಕ್ಕು ಹಿಡಿದ ಅಂಚನ್ನು ನೋಡಿದಳು. ಬಿಳಿ ಬಣ್ಣದ ಅಡಿಯಿಂದ ಮಸುಕಾಗಿ ಕಾಣುತ್ತಿದ್ದ ಅಕ್ಷರಗಳನ್ನು ಜೋರಾಗಿ, ಒಂದೊಂದಾಗಿ ಓದಿದಳು: "ಸಂಚಾರಿ ಕಣ್ಣಿನ ತಪಾಸಣಾ ವಾಹನ."

ಷಡ್ಡಕನ ಬಾಯಿ ತೆರೆದುಕೊಂಡಿತು.

"ಒಂದು ಗೀರಿಲ್ಲ ಅಂದಿದ್ದೆ ನಾನು," ಎಂದಳು ಮೆಲ್ಲಗೆ.

"ಹೊಸದು ಅಂದಿದ್ದೆ ನಾನು," ಎಂದೆ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಆ ದಪ್ಪ ಗಾಜುಗಳ ಹಿಂದಿನಿಂದ ನನ್ನ ನರೆತ ಗಡ್ಡ, ಕೆನ್ನೆಯ ಸುಕ್ಕು, ಕಣ್ಣಿನ ಕೆಳಗಿನ ಚೀಲಗಳನ್ನೆಲ್ಲ ಒಂದೊಂದಾಗಿ ನೋಡಿದಳು. ನಾಲ್ಕೈದು ವರ್ಷದ ಬಾಕಿಯನ್ನು ಒಟ್ಟಿಗೆ ನೋಡಿದಳು ಎನ್ನಬೇಕು. ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಭಾವ," ಎಂದು ಷಡ್ಡಕನನ್ನು ಕರೆದಳು. "ನಮ್ಮಪ್ಪನಿಗೆ ಇವರನ್ನ ತೋರಿಸಿದಾಗಲೂ ಹೊಸದು ಅಂತಲೇ ಹೇಳಿದ್ರು ಅಲ್ವಾ?"

ಮೊದಲು ನಕ್ಕವರು ಮೇಡಂ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಹೆಂಡತಿ ನಗಲಿಲ್ಲ. ಮೂರು ದಿನ ನನ್ನ ಜೊತೆ ಮಾತಾಡಲೂ ಇಲ್ಲ. ನಾನು ಅಷ್ಟರೊಳಗೆ ಗಾಡಿಯ ಪ್ಲಾಸ್ಟಿಕ್ಕನ್ನೆಲ್ಲ ಕಿತ್ತು ಷಡ್ಡಕನಿಗೆ ಕೊಟ್ಟೆ. ಆತ ಮಡಚಿ ಒಯ್ದ.

ಎಂಟು ದಿನಕ್ಕೆ ಕನ್ನಡಕದ ಅಂಗಡಿಯಿಂದ ಅವಳ ಕನ್ನಡಕ ಬಂತು. ಅದನ್ನು ನೋಡಲು ಅತ್ತಿಗೆಯೂ ಬಂದಿದ್ದರು. ಚಿಕ್ಕಂದಿನಿಂದ ಬಂದ ಅಭ್ಯಾಸ, ತಂಗಿಯ ಕೈಯಿಂದ ತೆಗೆದುಕೊಂಡು ಮೊದಲು ತಾವೇ ಹಾಕಿಕೊಂಡರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಗೋಡೆ ಹಿಡಿದುಕೊಂಡ ಹಾಗೆ ನನ್ನ ಭುಜ ಹಿಡಿದುಕೊಂಡರು.

"ಏನೂ ಕಾಣಲ್ಲ ಕಣೇ ಇದರಲ್ಲಿ. ತಲೆ ತಿರುಗುತ್ತೆ."

ನನ್ನ ಹೆಂಡತಿ ಕೈ ಚಾಚಿದಳು. "ಕೊಡು ಅಕ್ಕ. ಅದು ನಿನಗಾಗಲ್ಲ. ಅದು ನನ್ನ ನಂಬರು."

ಆ ಮಾತನ್ನು ಅವಳು ಎರಡು ಸಲ ಹೇಳಿದಳು. ಎರಡನೇ ಸಲ ಹೇಳುವಾಗ ಅವಳ ಮುಖ ಗಾಡಿ ಬಂದ ಸಂಜೆಯ ಹಾಗೇ ಇತ್ತು. ಆ ರಾತ್ರಿ ನನ್ನ ತಟ್ಟೆಗೆ ಊಟ ಬಡಿಸುತ್ತ, "ಗಾಡಿ ಸ್ಟಾರ್ಟ್ ಆದ್ರೆ ಗುರುವಾರ ಹೊರಡೋಣ," ಎಂದಳು.

ಸ್ಟಾರ್ಟ್ ಆಯಿತು. ದರ್ಜಿ, ಪೋಸ್ಟ್‌ಮಾಸ್ಟರ್ ಮತ್ತು ಸಾಲಿನ ಇತರ ಸದಸ್ಯರು ತಳ್ಳಿದರು. ಎರಡು ದಿನದ ದಾರಿಯಲ್ಲಿ ನಮ್ಮನ್ನು ಏಳು ಕಡೆ ನಿಲ್ಲಿಸಿ ಜನ ಕಣ್ಣು ತೋರಿಸಿದರು. ನನ್ನ ಹೆಂಡತಿಯೇ ಇಳಿದು, "ಇದು ಹಳೇ ಗಾಡಿ, ನಾವು ಈಚೆಗೆ ಕೊಂಡಿದ್ದೀವಿ, ನೀವು ಆಸ್ಪತ್ರೆಗೆ ಹೋಗಿ," ಎಂದು ಒಂದೇ ಉಸಿರಿಗೆ ಹೇಳಿ ಕಳಿಸಿದಳು. ಅಷ್ಟು ಸುಲಭದ ಮಾತು ನನಗೇಕೆ ಹೊಳೆಯಲಿಲ್ಲವೋ.

ಸಮುದ್ರದ ಮುಂದೆ ಗಾಡಿ ನಿಲ್ಲಿಸಿದಾಗ ಅವಳು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೋಡಿದಳು. ಆಗ ನನ್ನ ಕಣ್ಣಿಗೆ ಒಂದು ವಸ್ತು ಬಿತ್ತು. ಅವಳ ಕನ್ನಡಕದ ಎಡ ಗಾಜಿನ ಮೂಲೆಯಲ್ಲಿ ಅಂಗಡಿಯ ಗುಂಡನೆಯ ಚೀಟಿ ಹಾಗೇ ಅಂಟಿಕೊಂಡಿತ್ತು.

"ಅದನ್ನ ತೆಗಿಯೇ, ಅಡ್ಡ ಬರುತ್ತೆ," ಎಂದು ಕೈ ಚಾಚಿದೆ.

ಅವಳು ನನ್ನ ಕೈಗೆ ಫಟ್ಟೆಂದು ಹೊಡೆದಳು. "ಇರ್ಲಿ ಬಿಡಿ. ಹೊಸದು."

ಸಮುದ್ರದ ಎಡಮೂಲೆಯನ್ನು ಅವಳು ಇನ್ನೂ ನೋಡಿಲ್ಲ.